ಹುದ್ದೆ ಸೃಷ್ಟಿಸದೆ ಆಸೆ ಹುಟ್ಟಿಸಬಾರದು

ವಿಧಿವಿಜ್ಞಾನ ಅಥವಾ ಅಪರಾಧಶಾಸ್ತ್ರದ ಪದವಿಗೆ ಮಕ್ಕಳನ್ನು ಸೇರಿಸಲು ಹೊರಟಿರುವ ತಂದೆತಾಯಂದಿರಿಗೆ ಕಾಲೇಜುಗಳು ಈಗ ಮೊದಲು ತೋರಿಸುವುದು ಹೊಸ ಕಾನೂನನ್ನು. ಅದರಲ್ಲಿ ಸುಳ್ಳೇನೂ ಇಲ್ಲ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176(3)ನೇ ಕಲಂ ಪ್ರಕಾರ, 7 ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧ ನಡೆದಲ್ಲೆಲ್ಲ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಿ ಸಾಕ್ಷ್ಯ ಸಂಗ್ರಹಿಸಬೇಕು, ಅದರ ವಿಡಿಯೊ ಚಿತ್ರೀಕರಣವೂ ಆಗಬೇಕು. ಧಾರವಾಡದಲ್ಲಿ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ ಬಂದಿದೆ. 2024ರ ಜೂನ್‌ನಲ್ಲಿ ಕೇಂದ್ರ ಸಂಪುಟ ಈ ಕ್ಷೇತ್ರದ ಮೂಲಸೌಕರ್ಯಕ್ಕೆ 2,254 ಕೋಟಿ ರೂಪಾಯಿಯ ಯೋಜನೆಯನ್ನು ಒಪ್ಪಿದೆ. ಇಷ್ಟನ್ನು ಕೇಳಿದವರಿಗೆ ಕೆಲಸ ಬಾಗಿಲಲ್ಲೇ ಕಾದಿದೆ ಅನ್ನಿಸುವುದು ಸಹಜ. ಕೆಲಸ ಕೊಡುವುದು ಮಾತ್ರ ಮಂಜೂರಾದ ಹುದ್ದೆ ಮತ್ತು ನೇಮಕಾತಿ ಆದೇಶ. ಅವೆರಡೂ ಕಾನೂನಿನ ವೇಗದಲ್ಲಿ ಬರುತ್ತಿಲ್ಲ.

ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದ ‘ಪ್ರಾಜೆಕ್ಟ್ 39ಎ’ ತಂಡ 2023ರಲ್ಲಿ ಪ್ರಕಟಿಸಿದ ಅಧ್ಯಯನವನ್ನೇ ನೋಡಿ. ದೇಶದ 26 ವಿಧಿವಿಜ್ಞಾನ ಪ್ರಯೋಗಾಲಯಗಳಲ್ಲಿ ಮಂಜೂರಾಗಿದ್ದ 3,211 ಹುದ್ದೆಗಳ ಪೈಕಿ ಶೇ 40ರಷ್ಟು ಖಾಲಿ ಇದ್ದವು. ಖಾಲಿ ಹುದ್ದೆಯ ಪ್ರಮಾಣಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಆ 3,211 ಎಂಬ ಅಂಕಿಯೇ. ಖಾಲಿ ಇದ್ದುದನ್ನೆಲ್ಲ ಆಗಲೇ ತುಂಬಿದ್ದರೂ ಕೆಲಸ ಸಿಗುತ್ತಿದ್ದುದು ಸುಮಾರು 1,300 ಜನರಿಗೆ, ಅದೂ ಅಷ್ಟೂ ಪ್ರಯೋಗಾಲಯಗಳಿಗೆ ಸೇರಿ. ಆ ಹುದ್ದೆಗಳೂ ವಿಧಿವಿಜ್ಞಾನ ಓದಿದವರಿಗಷ್ಟೇ ಮೀಸಲಲ್ಲ. ರಸಾಯನಶಾಸ್ತ್ರ, ಭೌತಶಾಸ್ತ್ರ, ಪ್ರಾಣಿಶಾಸ್ತ್ರದ ಎಂಎಸ್ಸಿ ಮಾಡಿದವರೂ ಅರ್ಜಿ ಹಾಕಬಹುದು. ವಿಧಿವಿಜ್ಞಾನದ ಎಂಎಸ್ಸಿ ಇದ್ದರೂ ಪದವಿಯಲ್ಲಿ ಆಯಾ ವಿಭಾಗದ ಮೂಲವಿಜ್ಞಾನ ಓದಿರಲೇಬೇಕು ಎಂಬ ಷರತ್ತು ಹಲವು ಅಧಿಸೂಚನೆಗಳಲ್ಲಿರುತ್ತದೆ. ಹಲವು ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ವರ್ಷಕ್ಕೆ ಲಕ್ಷ ರೂಪಾಯಿ ದಾಟುವ ಶುಲ್ಕ ಕಟ್ಟಿ ಪಡೆದ ಪದವಿ, ಸರ್ಕಾರಿ ಕಾಲೇಜಿನಲ್ಲಿ ಕೆಲವೇ ಸಾವಿರಕ್ಕೆ ಮುಗಿಯುವ ರಸಾಯನಶಾಸ್ತ್ರದ ಬಿಎಸ್ಸಿಗಿಂತ ಕಡಿಮೆ ಬಾಗಿಲು ತೆರೆಯಬಹುದು. ಖಾಸಗಿ ಶುಲ್ಕದ ಮೇಲೆ ಹಾಸ್ಟೆಲ್ ಖರ್ಚು ಬೇರೆ.

ಪೊಲೀಸ್ ಇಲಾಖೆ ಸೇರಬಹುದಲ್ಲ ಎನ್ನುವವರಿದ್ದಾರೆ. ಕರ್ನಾಟಕದಲ್ಲಿ ಪಿಎಸ್‌ಐ ಹುದ್ದೆಗೆ ಯಾವುದೇ ಪದವಿ ಸಾಕು, ಕಾನ್‌ಸ್ಟೆಬಲ್ ಆಗಲು ಪಿಯುಸಿ ಸಾಕು. ಅಪರಾಧಶಾಸ್ತ್ರ ಓದಿದವರೂ ಇತಿಹಾಸ ಓದಿದವರೂ ಅಲ್ಲಿ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಆ ಸಾಲು ಎಷ್ಟು ನಿಧಾನವಾಗಿ ಸರಿಯುತ್ತದೆ ಎನ್ನುವುದೂ ಗೊತ್ತಿರುವ ಸಂಗತಿಯೇ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ನಡೆದ ಪರೀಕ್ಷೆ ಅಕ್ರಮದಿಂದಾಗಿ ರದ್ದಾಯಿತು, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಓದಿದವರು ಆ ಎರಡು ವರ್ಷ ಧಾರವಾಡದ, ಬೆಂಗಳೂರಿನ ವಿಜಯನಗರದ ಬಾಡಿಗೆ ಕೋಣೆಗಳಲ್ಲಿ ಮನೆಯವರ ದುಡ್ಡಿನಲ್ಲಿ ಕಾಯಬೇಕಾಯಿತು. ಶಿಕ್ಷಣದ ವೆಚ್ಚ ಲೆಕ್ಕ ಹಾಕುವಾಗ ಈ ವರ್ಷಗಳನ್ನು ನಾವು ಸೇರಿಸುವುದೇ ಇಲ್ಲ.

ಸೈಬರ್ ಅಪರಾಧ ಹೆಚ್ಚಿದೆ, ಬ್ಯಾಂಕು, ವಿಮೆ, ಐಟಿ ಕಂಪನಿಗಳಿಗೆ ಜನ ಬೇಕು ಎಂಬ ವಾದದಲ್ಲಿ ಹುರುಳಿದೆ. ಆದರೆ ಆ ಕೆಲಸಕ್ಕೆ ಕಂಪ್ಯೂಟರ್ ಗಟ್ಟಿಯಾಗಿ ಬಲ್ಲವರನ್ನು ಹುಡುಕುತ್ತಾರೆ. ಮೂರು ವರ್ಷದಲ್ಲಿ ವಿಷಶಾಸ್ತ್ರದಿಂದ ಬೆರಳಚ್ಚಿನವರೆಗೆ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಕಲಿತವರು ಅಲ್ಲಿ ಹಿಂದೆ ಬೀಳುತ್ತಾರೆ. ಹೊಸ ಕಾನೂನೇ ಹುದ್ದೆ ಸೃಷ್ಟಿಸುತ್ತದೆ ಎಂಬುದು ಇನ್ನೂ ಗಟ್ಟಿಯಾದ ವಾದ, ಅದು ನಿಜವಾಗಲಿ ಎಂದೇ ನನ್ನ ಆಸೆ. ತಪ್ಪೊಪ್ಪಿಗೆಯನ್ನೇ ನೆಚ್ಚಿಕೊಂಡ ತನಿಖೆಯಿಂದ ನಿರಪರಾಧಿಗಳು ಜೈಲಿನಲ್ಲಿ ಕೊಳೆಯುವುದು, ಅಪರಾಧಿಗಳು ಬಿಡುಗಡೆಯಾಗುವುದು ನಿಲ್ಲಬೇಕಾದರೆ ಪ್ರಯೋಗಾಲಯಗಳಲ್ಲಿ ಜನ ಇರಲೇಬೇಕು. ಆದರೆ 176(3)ನೇ ಕಲಂ ಜಾರಿಯ ದಿನಾಂಕ ಗೊತ್ತುಪಡಿಸಲು ರಾಜ್ಯಗಳಿಗೆ 5 ವರ್ಷ ಸಮಯ ಕೊಟ್ಟಿದೆ. ಸ್ವಂತ ಸೌಲಭ್ಯ ಆಗುವವರೆಗೆ ಬೇರೆ ರಾಜ್ಯದ್ದನ್ನು ಬಳಸಿಕೊಳ್ಳಲೂ ಬಿಟ್ಟಿದೆ. ಇಷ್ಟು ಸಡಿಲವಾದ ಗಡುವನ್ನು ನಂಬಿ ಸಾಲ ಮಾಡಿ ಎಂದು ಯಾರಿಗೂ ಹೇಳಲಾಗದು.

ಹಾಗಾಗಿ ರಾಜ್ಯ ಸರ್ಕಾರ ಮುಂದಿನ ಐದು ವರ್ಷಗಳಲ್ಲಿ ಪ್ರತಿ ವರ್ಷ ಎಷ್ಟು ವಿಧಿವಿಜ್ಞಾನ ಹುದ್ದೆ ತುಂಬುತ್ತೇವೆ ಎಂಬ ವೇಳಾಪಟ್ಟಿಯನ್ನು ಪ್ರಕಟಿಸಬೇಕು. ಹೊಸ ಕೋರ್ಸಿಗೆ ಅನುಮತಿ ಕೊಡುವಾಗ ವಿಶ್ವವಿದ್ಯಾಲಯಗಳು ಆ ಪಟ್ಟಿಯನ್ನು ಎದುರಿಗಿಟ್ಟುಕೊಳ್ಳಬೇಕು. ಈ ಕ್ಷೇತ್ರದ ಮೇಲೆ ನಿಜವಾದ ಒಲವಿರುವ ವಿದ್ಯಾರ್ಥಿಗಳು ಮೊದಲು ಒಂದು ಮೂಲವಿಜ್ಞಾನದಲ್ಲಿ ಅಥವಾ ಕಂಪ್ಯೂಟರ್ ವಿಜ್ಞಾನದಲ್ಲಿ ಪದವಿ ಮುಗಿಸಿ, ಸ್ನಾತಕೋತ್ತರದಲ್ಲಿ ವಿಧಿವಿಜ್ಞಾನ ಆಯ್ದುಕೊಳ್ಳಲಿ. ತಂದೆತಾಯಂದಿರಲ್ಲಿ ನನ್ನ ಕೋರಿಕೆ ಇಷ್ಟೇ: ಮೊದಲ ಕಂತು ಕಟ್ಟುವ ಮುನ್ನ ಇಲಾಖೆಯ ವೃಂದ ಮತ್ತು ನೇಮಕಾತಿ ನಿಯಮಗಳನ್ನು ತರಿಸಿ ಓದಿ, ನಿಮ್ಮ ಮಗ ಅಥವಾ ಮಗಳು ಓದಲಿರುವ ಪದವಿಯ ಹೆಸರು ಅದರಲ್ಲಿ ಇದೆಯೇ ನೋಡಿ.