ಹಿರಿಯರ ಓದು, ನಮ್ಮ ಓದು

ಪರೀಕ್ಷೆ ಹತ್ತಿರವಾದಾಗ ನಮ್ಮ ಕೈಗೆ ಬರುವುದು ಗೈಡು. ಪರೀಕ್ಷೆ ಮುಗಿದೊಡನೆ ಅದೂ ರದ್ದಿಯ ಅಂಗಡಿಗೆ ಹೋಗುತ್ತದೆ. ಕಲಾ ವಿಭಾಗದ ವಿದ್ಯಾರ್ಥಿಗಳೆನಿಸಿಕೊಂಡ ನಮಗೆ ಇದು ಶೋಭೆಯಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹೊಸಗನ್ನಡವನ್ನು ಕಟ್ಟಿದವರು ಹೇಗೆ ಓದಿದರೆಂಬುದನ್ನು ನೆನೆದರೆ ನಮ್ಮ ಬಡತನ ತಾನಾಗಿ ತಿಳಿಯುತ್ತದೆ.

ಬೇಕಾದ ಪುಸ್ತಕಕ್ಕಾಗಿ ಒಂದು ಭಾಷೆಯನ್ನೇ ಕಲಿಯುವ ಹಟ ಅವರದು. ಬಿ. ವೆಂಕಟಾಚಾರ್ಯರು (1845–1914) ಬಂಗಾಳಿಯನ್ನು ಕಲಿತು ಬಂಕಿಮಚಂದ್ರರ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ಮಂಜೇಶ್ವರದ ಗೋವಿಂದ ಪೈಗಳು (1883–1963) ತಂದೆಯ ಮರಣದಿಂದ ಬಿ.ಎ. ಓದು ನಿಂತುಹೋದರೂ ಇಪ್ಪತ್ತಕ್ಕೂ ಹೆಚ್ಚು ಭಾಷೆಗಳನ್ನು ಬಲ್ಲವರಾದರು. ಅವರ ಮುಂದಿನ ತಲೆಮಾರಿನ ಜಿ. ಪಿ. ರಾಜರತ್ನಂ ಹುಟ್ಟಿದ್ದು ನಮ್ಮ ರಾಮನಗರದಲ್ಲಿ. ಅವರೂ ಪಾಲಿಯನ್ನು ಕಲಿತು ಬೌದ್ಧ ಸಾಹಿತ್ಯವನ್ನು ಕನ್ನಡಿಗರಿಗೆ ಪರಿಚಯಿಸಿದರು. ಕುಡುಕ ರತ್ನನ ಪದಗಳಿಂದಲೇ ಅವರನ್ನು ಬಲ್ಲ ನಮ್ಮೂರಿನವರು ಈ ವಿದ್ವತ್ತನ್ನು ಮರೆತಿದ್ದೇವೆ.

ಅವರು ಓದಿದ್ದನ್ನು ಅರಗಿಸಿಕೊಳ್ಳುತ್ತಿದ್ದರು. ಇಂಗ್ಲಿಷ್ ಪಾಠ ಹೇಳುತ್ತಿದ್ದ ಬಿ. ಎಂ. ಶ್ರೀಕಂಠಯ್ಯನವರು ತಾವು ಮೆಚ್ಚಿದ ಕವಿತೆಗಳನ್ನು ಕನ್ನಡದ ಲಯಕ್ಕೆ ಒಗ್ಗಿಸಿದರು. 1926ರಲ್ಲಿ ಬಂದ 'ಇಂಗ್ಲಿಷ್ ಗೀತಗಳು' ಆ ಓದಿನ ಫಲ. ಅನುವಾದ ಮಾಡುವವನು ಒಂದು ಪದವನ್ನೂ ಹಾರಿಸಿ ಓದುವಂತಿಲ್ಲ!

ಇನ್ನು, ಆಗಿನ ಓದು ಒಂಟಿ ಓದಲ್ಲ. ಹಳ್ಳಿಯ ಜಗಲಿಯಲ್ಲಿ ಒಬ್ಬರು ಕುಮಾರವ್ಯಾಸನನ್ನು ವಾಚಿಸಿದರೆ ಅಕ್ಷರ ಬಾರದವರೂ ಕೇಳುಗರು. ಮೆಟ್ರಿಕ್ಯುಲೇಷನ್ ದಾಟದ ಡಿ.ವಿ.ಜಿ. ಸ್ವಂತ ಓದಿನಿಂದಲೇ ವಿದ್ವಾಂಸರಾದರು. 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿ ಇತರರಿಗೂ ಪುಸ್ತಕ, ಚರ್ಚೆಗಳನ್ನು ಒದಗಿಸಿದರು.

"ಅವರಲ್ಲಿ ಅನೇಕರ ಮನೆಯಲ್ಲಿ ಗ್ರಂಥಗಳಿದ್ದುವು, ವಿದ್ಯೆಯ ಪರಂಪರೆಯಿತ್ತು, ನಮಗೇನಿದೆ?" ಎಂದು ಗೆಳೆಯರು ಕೇಳಬಹುದು. ಈ ಮಾತನ್ನು ನಾನು ತಳ್ಳಿಹಾಕಲಾರೆ. ಮಾಗಡಿ, ಕನಕಪುರಗಳ ಹಳ್ಳಿಗಳಿಂದ ಬಸ್ಸು ಹಿಡಿದು ಬರುವವರು, ರೇಷ್ಮೆಗೂಡು ಮಾರಿದ ಹಣದಲ್ಲಿ ಶುಲ್ಕ ಕಟ್ಟುವವರು, ಚನ್ನಪಟ್ಟಣದಲ್ಲಿ ಬೊಂಬೆಗೆ ಅರಗಿನ ಬಣ್ಣ ಹಾಕುವವರ ಮಕ್ಕಳು—ನಮ್ಮಲ್ಲಿ ಎಷ್ಟೋ ಜನ ಮನೆಗೆ ಮೊದಲ ಅಕ್ಷರಸ್ಥರು. ಮನೆಯಲ್ಲಿ ಕಪಾಟಿಲ್ಲದವರಿಗೇ ಸರ್ಕಾರಿ ಕಾಲೇಜಿನ ಗ್ರಂಥಾಲಯ ಹೆಚ್ಚು ಸಲ್ಲಬೇಕು. ಅದನ್ನು ನಾವು ಬಿಟ್ಟುಕೊಟ್ಟರೆ ಓದು ಮತ್ತೆ ಕೆಲವರ ಸೊತ್ತಾಗಿ ಉಳಿದೀತು.

ಆದುದರಿಂದ ನನ್ನ ಸಲಹೆ ಎರಡು. ವಾರಕ್ಕೊಂದು ಸಂಜೆ ತರಗತಿಯ ನಂತರ ಒಂದು ಗಂಟೆ ಗ್ರಂಥಾಲಯ ತೆರೆದಿರಲಿ. ಒಬ್ಬರು ಗಟ್ಟಿಯಾಗಿ ಓದಲಿ, ಉಳಿದವರು ಪ್ರಶ್ನಿಸಲಿ. ಅಧ್ಯಾಪಕರು ಪಠ್ಯದ ಹೊರಗಿನ ಒಂದು ಪುಸ್ತಕವನ್ನು ಪ್ರತಿ ತಿಂಗಳು ಸೂಚಿಸಲಿ. ದಿನಕ್ಕೆ ಹತ್ತು ಪುಟ ಓದಿದರೂ ವರ್ಷಕ್ಕೆ 3,650 ಪುಟವಾಯಿತು. ಮೂರು ವರ್ಷದಲ್ಲಿ ಅದು ಪದವಿಪತ್ರಕ್ಕಿಂತ ತೂಕವಾದ ಸಂಪತ್ತು. ರದ್ದಿಗೆ ಹೋಗದ ಸಂಪತ್ತು.