ಏರಿಸಿದವರಿಗೆ ಇಳಿಸುವ ಹೊಣೆಯೂ ಉಂಟು

ಅಣೆಕಟ್ಟು ಮತ್ತು ಮೀನುಗಳ ಮಾತು ಬಂದಾಗ ನಮಗೆ ಮೊದಲು ತೋರುವ ಚಿತ್ರ, ಮೇಲಕ್ಕೇರಲಾರದೆ ಗೋಡೆಯ ಬುಡದಲ್ಲಿ ಉಳಿದ ಮೀನಿನದು. ಅದನ್ನು ಎತ್ತಿ ಆಚೆಗೆ ಬಿಟ್ಟರೆ ಕೆಲಸ ಮುಗಿಯಿತೆಂದು ಭಾವಿಸುವುದು ಸಹಜ. ಹಾವುಮೀನಿನ ವಿಷಯದಲ್ಲಿ ಅದು ಅರ್ಧ ಕೆಲಸ ಮಾತ್ರ. ಅಮೆರಿಕದ ಸಸ್ಕ್ವೆಹಾನಾ ನದಿಯ ಅನುಭವ ಇದನ್ನು ಸ್ಪಷ್ಟಪಡಿಸುತ್ತದೆ.

ಸಾಲ್ಮನ್ ಮೀನು ಹೊಳೆಯಲ್ಲಿ ಹುಟ್ಟಿ ಕಡಲಿನಲ್ಲಿ ಬೆಳೆಯುತ್ತದೆ. ಹಾವುಮೀನಿನ ಬಾಳು ಇದಕ್ಕೆ ವಿರುದ್ಧವಾದುದು. ಅಮೆರಿಕದ ಹಾವುಮೀನು ಅಟ್ಲಾಂಟಿಕ್ ಸಾಗರದ ಸರ್ಗಾಸೊ ಸಮುದ್ರದಲ್ಲಿ ಹುಟ್ಟಿ, ಎಲೆಯಾಕಾರದ ಪಾರದರ್ಶಕ ಮರಿಯಾಗಿ ಪ್ರವಾಹದೊಡನೆ ತೇಲಿ ಕರಾವಳಿ ಸೇರುತ್ತದೆ. ಬಳಿಕ ನದಿಯನ್ನೇರಿ ಹಲವು ವರ್ಷ ಸಿಹಿನೀರಿನಲ್ಲಿ ಬೆಳೆಯುತ್ತದೆ. ಪ್ರಾಯ ತುಂಬಿದಾಗ ಮೈ ಬೆಳ್ಳಿಯ ಬಣ್ಣಕ್ಕೆ ತಿರುಗುತ್ತದೆ, ಕಣ್ಣು ಹಿಗ್ಗುತ್ತದೆ, ಆಹಾರ ನಿಲ್ಲುತ್ತದೆ. ಹುಟ್ಟಿದ ಕಡಲಿಗೆ ಮರಳಿ ಒಮ್ಮೆ ಮಾತ್ರ ಸಂತಾನವನ್ನು ಪಡೆದು ಮಡಿಯುತ್ತದೆ.

ಸಸ್ಕ್ವೆಹಾನಾ ನದಿಯು ಚೆಸಪೀಕ್ ಕೊಲ್ಲಿಯನ್ನು ಸೇರುವ ತಾಣಕ್ಕೆ ಸುಮಾರು 16 ಕಿ.ಮೀ. ಮೇಲ್ಗಡೆ, 1928ರಲ್ಲಿ ಕಾನೊವಿಂಗೊ ಜಲವಿದ್ಯುತ್ ಅಣೆಕಟ್ಟು ಪೂರ್ಣಗೊಂಡಿತು. ಅದರ ಮೇಲೆ ಇನ್ನೂ ಮೂರು ವಿದ್ಯುತ್ ಅಣೆಕಟ್ಟುಗಳಿವೆ. ಹಾವುಮೀನು ಬಾರದಾದ ಮೇಲೆ ಅದರೊಡನೆ ಬಾಳು ಹೆಣೆದುಕೊಂಡಿದ್ದ ಮತ್ತೊಂದು ಜೀವಿಯೂ ಸೊರಗಿತು. ಅಲ್ಲಿನ ಸಿಹಿನೀರಿನ ಕಪ್ಪೆಚಿಪ್ಪಿನ ಒಂದು ಜಾತಿಯ ಮರಿಗಳು ಮುಖ್ಯವಾಗಿ ಹಾವುಮೀನಿನ ಕಿವಿರಿಗೆ ಅಂಟಿಕೊಂಡು ಕೆಲಕಾಲ ಕಳೆದು ಬೆಳೆಯುತ್ತವೆ. ಹೊಳೆಯ ತಳದಲ್ಲಿ ಮುದಿ ಚಿಪ್ಪುಗಳು ಉಳಿದವು, ಎಳೆಯವು ವಿರಳವಾದವು. ನೀರನ್ನು ಸೋಸಿ ತಿಳಿಯಾಗಿಸುವ ಜೀವಿಗಳಿವು. ಮೀನು ಕಾಣೆಯಾದುದರ ಫಲವನ್ನು ನೀರೇ ಅನುಭವಿಸಿತು.

ಬೇರೆ ಮೀನುಗಳಿಗಾಗಿ ಕಟ್ಟಿದ ಎತ್ತುಯಂತ್ರಗಳು ಹಾವುಮೀನಿನ ಮರಿಗಳಿಗೆ ಒದಗಲಿಲ್ಲ. ಅವು ರಾತ್ರಿಯ ಹೊತ್ತು ಒದ್ದೆಯಾದ ಒರಟು ಮೇಲ್ಮೈಯ ಮೇಲೆ ತೆವಳಿ ಏರುತ್ತವೆ. ಆದುದರಿಂದ ಅಣೆಕಟ್ಟಿನ ಬುಡದಲ್ಲಿ ಇಳಿಜಾರು ಹಲಗೆಗಳನ್ನಿಟ್ಟು, ಏರಿಬಂದ ಮರಿಗಳನ್ನು ಹಿಡಿದು, ವಾಹನದಲ್ಲಿ ಮೇಲಿನ ಹೊಳೆಗಳಿಗೆ ಒಯ್ದು ಬಿಡಲಾಯಿತು. ಹಾಗೆ ಬಿಟ್ಟ ಹೊಳೆಗಳಲ್ಲಿ ಎಳೆಯ ಚಿಪ್ಪುಗಳೂ ಕಾಣಿಸಿಕೊಂಡವು. ಇದು ಶ್ಲಾಘ್ಯ ಕಾರ್ಯವೇ ಸರಿ.

ಆದರೆ ಆ ಮರಿಗಳು ಬೆಳೆದು ಕಡಲಿಗೆ ಹೊರಟಾಗ ನಾಲ್ಕು ಅಣೆಕಟ್ಟುಗಳನ್ನು ದಾಟಬೇಕು. ಮೇಲ್ನದಿಯಲ್ಲಿ ಬೆಳೆಯುವವು ಹೆಚ್ಚಾಗಿ ದೊಡ್ಡ ಗಾತ್ರದ ಹೆಣ್ಣುಗಳು. ಮೈ ನೀಳವಾದಷ್ಟೂ ಟರ್ಬೈನಿನ ಅಲಗಿಗೆ ಸಿಲುಕುವ ಸಂಭವ ಅಧಿಕ. ಮೇಲೇರಿಸಿ, ಕೆಳಗಿಳಿಯುವ ದಾರಿಯನ್ನು ಕಾಣಿಸದಿದ್ದರೆ ನಾವು ಹೊಳೆಗೆ ಉಪಕಾರ ಮಾಡಿದಂತಾದೀತು, ಹಾವುಮೀನಿನ ಕುಲಕ್ಕೆ ಅಲ್ಲ.

ಹಾಗೆಂದು ಅಣೆಕಟ್ಟುಗಳನ್ನೆಲ್ಲ ಒಡೆಯಬೇಕೆಂಬುದು ನನ್ನ ವಾದವಲ್ಲ. ಕಲ್ಲಿದ್ದಲನ್ನು ಸುಡದೆ ದೊರೆಯುವ ವಿದ್ಯುತ್ತಿಗೆ ಬೆಲೆಯಿದೆ. ರಾತ್ರಿ ಯಂತ್ರ ನಿಲ್ಲಿಸಿದರೆ ನಷ್ಟವುಂಟೆಂಬ ಆಕ್ಷೇಪವೂ ಸುಳ್ಳಲ್ಲ. ಆದರೆ ಬೆಳ್ಳಿ ಹಾವುಮೀನುಗಳು ವರ್ಷವಿಡೀ ಇಳಿಯುವುದಿಲ್ಲ. ಬಹುಪಾಲು ಶರತ್ಕಾಲದಲ್ಲಿ, ಮಳೆಯಿಂದ ನೀರು ಏರಿದ ಕತ್ತಲ ರಾತ್ರಿಗಳಲ್ಲಿ ಹೊರಡುತ್ತವೆ. ಅದೇ ದೇಶದ ಶೆನಾಂಡೋವಾ ನದಿಯಲ್ಲಿ ಆ ಋತುವಿನ ರಾತ್ರಿಗಳಲ್ಲಿ ಟರ್ಬೈನ್ ನಿಲ್ಲಿಸುವ ಕ್ರಮ ಜಾರಿಗೆ ಬಂದಿದೆ. ಒತ್ತಾದ ಕಂಬಿಜಾಲರಿ, ಬದಿಯ ಕಾಲುವೆ ಮುಂತಾದ ಉಪಾಯಗಳೂ ಇವೆ. ಅಣೆಕಟ್ಟಿಗೆ ಪರವಾನಗಿ ನೀಡುವಾಗಲೇ ಏರುದಾರಿಯೊಡನೆ ಇಳಿದಾರಿಯನ್ನೂ ಕಡ್ಡಾಯಗೊಳಿಸುವುದು ನ್ಯಾಯ.

ಪಶ್ಚಿಮಘಟ್ಟದ ಹೊಳೆಗಳಲ್ಲಿಯೂ ಕಡಲಿನಲ್ಲಿ ಹುಟ್ಟಿ ಬರುವ ಹಾವುಮೀನುಗಳಿವೆ; ನಮ್ಮ ನೆರೆಯ ಮಲಯಾಳಿಗಳು ಅವನ್ನು ಮಲಞ್ಞಿಲ್ ಎನ್ನುತ್ತಾರೆ. ನದಿಯು ಕಡಲಿಗೆ ಹರಿಯುವುದನ್ನು ನಮ್ಮ ಕಾವ್ಯಗಳು ಬಣ್ಣಿಸುತ್ತಲೇ ಬಂದಿವೆ. ಕಡಲಿನಿಂದ ನದಿಗೆ ಬಂದು ಮತ್ತೆ ಕಡಲಿಗೆ ಹೋಗಬೇಕಾದ ಜೀವವೊಂದು ಅದೇ ನೀರಿನಲ್ಲಿದೆ ಎಂಬುದನ್ನು ಸಾಹಿತ್ಯದ ವಿದ್ಯಾರ್ಥಿಗಳಾದ ನಾವೂ ಅರಿತಿರಬೇಕು.