ಫರ್ಮ್‌ವೇರ್ ನವೀಕರಣ: ಮಾರಾಟಗಾರನ ಹೊಣೆ ಬಿಲ್ಲಿನೊಂದಿಗೆ ಮುಗಿಯದು

ಕಾಳಿ ನದಿಯ ದಂಡೆಯ ಮೇಲಿರುವ ಮೌಳಂಗಿಯು ದಾಂಡೇಲಿಗೆ ಸಮೀಪದ ಒಂದು ಸಣ್ಣ ಗ್ರಾಮ. ಕಾಗದದ ಕಾರ್ಖಾನೆಯಿಂದ ಹೆಸರಾಗಿದ್ದ ದಾಂಡೇಲಿ ಇಂದು ಪ್ರವಾಸೋದ್ಯಮದಿಂದಲೂ ಅಷ್ಟೇ ಪರಿಚಿತವಾಗಿದೆ. ಮೌಳಂಗಿಯ ಪರಿಸರ ಉದ್ಯಾನ, ನದಿಯ ಜಲಕ್ರೀಡೆ, 2015ರಲ್ಲಿ ಕಾಳಿ ಹುಲಿ ಸಂರಕ್ಷಿತ ಪ್ರದೇಶವೆಂಬ ಹೆಸರನ್ನು ಪಡೆದ ಅರಣ್ಯ, ಅಲ್ಲಿನ ಮಂಗಟ್ಟೆ ಹಕ್ಕಿಗಳು, ಇವುಗಳನ್ನು ಅರಸಿ ಹೆಗಲಿಗೆ ಕ್ಯಾಮೆರಾ ಏರಿಸಿಕೊಂಡು ಬರುವವರು ಅನೇಕರು. ಇವರೊಂದಿಗೆ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ತಾಲ್ಲೂಕುಗಳಲ್ಲಿ ಮದುವೆ, ಜಾತ್ರೆ, ಶಾಲಾ ಸಮಾರಂಭಗಳ ಛಾಯಾಗ್ರಹಣವನ್ನೇ ನಂಬಿ ಬದುಕುತ್ತಿರುವ ಸ್ಟುಡಿಯೋಗಳೂ ಇವೆ.

ಇಂತಹ ಸ್ಟುಡಿಯೋದವರಿಗೆ ಕ್ಯಾಮೆರಾ ನೇಕಾರನಿಗೆ ಮಗ್ಗವಿದ್ದಂತೆ. ಲಗ್ನಸರಾಯಿಯ ಕೆಲವೇ ತಿಂಗಳ ದುಡಿಮೆ ಇಡೀ ವರ್ಷಕ್ಕೆ ಆಧಾರ. ಮದುವೆಯ ಹಿಂದಿನ ರಾತ್ರಿ ಆ ಉಪಕರಣ ಸ್ತಬ್ಧವಾದರೆ ನಷ್ಟವು ಒಂದು ದಿನದ ಗಳಿಕೆಗೆ ಸೀಮಿತವಾಗದು. ಮುಂಗಡವನ್ನು ಹಿಂದಿರುಗಿಸಬೇಕಾಗುತ್ತದೆ, ಸಂಪಾದಿಸಿದ ಹೆಸರು ಕೆಡುತ್ತದೆ, ಕಳೆದುಹೋದ ಮುಹೂರ್ತವಂತೂ ಮರಳಿ ಬರುವುದಿಲ್ಲ.

ಕ್ಯಾಮೆರಾ ಕೈಜಾರಿ ಬಿದ್ದು ಅಥವಾ ನೀರು ಹೊಕ್ಕು ಕೆಟ್ಟರೆ ಕಾರಣ ಕಣ್ಣಿಗೆ ಕಾಣುತ್ತದೆ. ಕಾಣದ ಇನ್ನೊಂದು ಕಾರಣವಿದೆ. ಅದೇ ಅರ್ಧಕ್ಕೆ ನಿಂತ ಫರ್ಮ್‌ವೇರ್ ನವೀಕರಣ. ಇದಕ್ಕೆ ಸಿಲುಕಿದ ಕ್ಯಾಮೆರಾವನ್ನು ಅಂಗಡಿಗೆ ತಂದವನಿಗೆ ಸಾಮಾನ್ಯವಾಗಿ ದೊರೆಯುವ ಉತ್ತರ ಎರಡೇ: "ಬೋರ್ಡ್ ಹೋಗಿದೆ" ಅಥವಾ "ಕಂಪನಿಗೆ ಕಳುಹಿಸಬೇಕು". ಈ ಎರಡು ಮಾತುಗಳ ನಡುವೆ ವರ್ತಕನು ಮಾಡಬಹುದಾದ ಕೆಲಸ ಬಹಳಷ್ಟಿದೆ. ಅದನ್ನು ಮಾಡುವುದು ಉಪಕಾರವಲ್ಲ, ವ್ಯಾಪಾರದ ಅಂಗವೇ ಎಂಬುದನ್ನು ವರ್ತಕ ಬಂಧುಗಳು ಈಗಲಾದರೂ ಗಮನಿಸಬೇಕಾಗಿದೆ.

ನವೀಕರಣ ಏಕೆ ಬೇಕು?

ಫರ್ಮ್‌ವೇರ್ ಎಂದರೆ ಕ್ಯಾಮೆರಾದ ಒಳಗಿನ ಫ್ಲ್ಯಾಶ್ ಮೆಮೊರಿಯಲ್ಲಿ ನೆಲೆಸಿರುವ ಮೂಲ ತಂತ್ರಾಂಶ. ಗುಂಡಿ ಒತ್ತಿದಾಗ ಶಟರ್ ತೆರೆಯುವುದು, ಲೆನ್ಸ್ ಫೋಕಸ್ ಹಿಡಿಯುವುದು, ಚಿತ್ರವು ಕಾರ್ಡಿಗೆ ಸೇರುವುದು ಎಲ್ಲವೂ ಇದರ ಆಜ್ಞೆಯಂತೆಯೇ. ಕ್ಯಾಮೆರಾ ಮಾರುಕಟ್ಟೆಗೆ ಬಂದ ನಂತರ ಕಂಡುಬಂದ ದೋಷಗಳನ್ನು ತಿದ್ದಲು, ಹೊಸ ಲೆನ್ಸ್ ಮತ್ತು ಕಾರ್ಡುಗಳಿಗೆ ಹೊಂದಿಸಲು ತಯಾರಕರು ಆಗಾಗ ಹೊಸ ಆವೃತ್ತಿಯನ್ನು ಬಿಡುಗಡೆ ಮಾಡುತ್ತಾರೆ.

"ಕೆಲಸ ಮಾಡುತ್ತಿರುವುದನ್ನು ಮುಟ್ಟಬಾರದು" ಎಂಬ ಹಳೆಯ ವ್ಯಾಪಾರಿಗಳ ಬುದ್ಧಿಮಾತಿನಲ್ಲಿ ಸತ್ಯಾಂಶವಿದ್ದರೂ ಅದು ಪೂರ್ಣ ಸತ್ಯವಲ್ಲ. 2019ರ ಆಗಸ್ಟ್‌ನಲ್ಲಿ ಚೆಕ್ ಪಾಯಿಂಟ್ ಸಂಸ್ಥೆಯ ಸಂಶೋಧಕರು ಕ್ಯಾನನ್ ಇಒಎಸ್ 80ಡಿ ಕ್ಯಾಮೆರಾದೊಳಕ್ಕೆ ವೈ-ಫೈ ಮೂಲಕ ಪ್ರವೇಶಿಸಿ, ಚಿತ್ರಗಳಿಗೆ ಬೀಗ ಹಾಕಿ ಹಣ ಕೇಳುವ ದುಷ್ಟ ತಂತ್ರಾಂಶವನ್ನು ಸೇರಿಸಲು ಸಾಧ್ಯವೆಂದು ತೋರಿಸಿದರು. ಅದಕ್ಕೆ ಕಂಪನಿಯು ನೀಡಿದ ಪರಿಹಾರವೂ ಹೊಸ ಫರ್ಮ್‌ವೇರೇ ಆಗಿತ್ತು. ಆದುದರಿಂದ ನವೀಕರಣವನ್ನು ಶಾಶ್ವತವಾಗಿ ದೂರವಿಡುವುದು ಜಾಣತನವಾಗದು. ಅದನ್ನು ಯಾವಾಗ, ಹೇಗೆ, ಯಾರ ಹೊಣೆಯಲ್ಲಿ ಮಾಡಬೇಕು ಎಂಬುದೇ ವಿಚಾರಿಸಬೇಕಾದ ಸಂಗತಿ.

ಮೂರು ಹಂತ, ಮೂರು ಬಗೆಯ ವೈಫಲ್ಯ

ನವೀಕರಣ ವಿಫಲವಾಯಿತೆಂದು ಗ್ರಾಹಕ ಹೇಳಿದಾಗ, ಯಾವ ಹಂತದಲ್ಲಿ ಎಂದು ಕೇಳುವುದು ಮೊದಲ ಕರ್ತವ್ಯ.

ಮೊದಲನೆಯದು, ಕ್ಯಾಮೆರಾ ಹೊಸ ಫೈಲನ್ನು ಗುರುತಿಸದೇ ಇರುವುದು. ಇಲ್ಲಿ ಬರವಣಿಗೆ ಆರಂಭವೇ ಆಗಿರುವುದಿಲ್ಲ, ಹಳೆಯ ಫರ್ಮ್‌ವೇರ್ ಹಾಗೆಯೇ ಇರುತ್ತದೆ, ಗಾಬರಿಗೆ ಕಾರಣವಿಲ್ಲ. ಜಿಪ್ ರೂಪದಲ್ಲಿ ಬಂದ ಫೈಲನ್ನು ಬಿಡಿಸದೆಯೇ ಕಾರ್ಡಿಗೆ ಹಾಕಿರುವುದು, ಕಾರ್ಡಿನ ಮೊದಲ ಹಂತದಲ್ಲಿ ಇಡುವ ಬದಲು ಯಾವುದೋ ಫೋಲ್ಡರಿನೊಳಗೆ ಇಟ್ಟಿರುವುದು ಸಾಮಾನ್ಯ ತಪ್ಪುಗಳು. ಒಂದೇ ಫೈಲನ್ನು ಎರಡು ಬಾರಿ ಇಳಿಸಿಕೊಂಡಾಗ ಬ್ರೌಸರ್ ಎರಡನೆಯದರ ಹೆಸರಿಗೆ ಒಂದು ಅಂಕೆಯನ್ನು ಜೋಡಿಸುತ್ತದೆ. ಆ ಒಂದು ಅಂಕೆಯಿಂದಲೇ ಕ್ಯಾಮೆರಾ ಫೈಲನ್ನು ಕಡೆಗಣಿಸಬಹುದು. 32 ಜಿಬಿಗಿಂತ ದೊಡ್ಡ ಕಾರ್ಡನ್ನು ಹಳೆಯ ಕ್ಯಾಮೆರಾಗಳು ಓದದೇ ಇರಬಹುದು. ಕೆಲವು ಮಾದರಿಗಳಲ್ಲಿ ಮೋಡ್ ಡಯಲ್ ಆಟೋದಲ್ಲಿದ್ದರೆ ನವೀಕರಣದ ಆಯ್ಕೆಯೇ ಮೆನುವಿನಲ್ಲಿ ಕಾಣಿಸದು. ಬ್ಯಾಟರಿ ಪೂರ್ಣ ಚಾರ್ಜ್ ಆಗಿರದಿದ್ದರೆ ಕ್ಯಾಮೆರಾ ತಾನಾಗಿಯೇ ನಿರಾಕರಿಸುವುದುಂಟು. ಹಳೆಯ ಕೆಲವು ನಿಕಾನ್ ಮಾದರಿಗಳಲ್ಲಿ ಎ ಮತ್ತು ಬಿ ಎಂಬ ಎರಡು ಭಾಗಗಳನ್ನು ಒಂದಾದ ಮೇಲೊಂದರಂತೆ ಹಾಕಬೇಕಿತ್ತು. ಕಂಪ್ಯೂಟರಿಗೆ ಜೋಡಿಸಿ ನವೀಕರಿಸಬೇಕಾದ ಹಳೆಯ ಸೋನಿ ಮಾದರಿಗಳಲ್ಲಿ, ಬರಿಯ ಚಾರ್ಜಿಂಗಿಗೆಂದು ಮಾಡಿದ ಯುಎಸ್‌ಬಿ ಕೇಬಲ್ ಬಳಸಿದರೆ ಸಂಪರ್ಕವೇ ಸಿಗುವುದಿಲ್ಲ. ಚಿಕ್ಕ ಕಾರ್ಡನ್ನು ಆ ಕ್ಯಾಮೆರಾದಲ್ಲಿಯೇ ಫಾರ್ಮ್ಯಾಟ್ ಮಾಡಿ, ಮಾದರಿಯ ಹೆಸರನ್ನು ಅಕ್ಷರಶಃ ತಾಳೆ ನೋಡಿ ಮತ್ತೆ ಪ್ರಯತ್ನಿಸಿದರೆ ಈ ಹಂತದ ತೊಡಕುಗಳು ಬಹುತೇಕ ಅಂಗಡಿಯ ಮೇಜಿನ ಮೇಲೆಯೇ ಬಗೆಹರಿಯುತ್ತವೆ.

ಎರಡನೆಯದು, ಬರವಣಿಗೆ ನಡೆಯುತ್ತಿರುವಾಗ ನಿಂತಂತೆ ತೋರುವುದು. ನಿಜವಾದ ಅಪಾಯ ಇರುವುದು ಇಲ್ಲಿ. ಹಳೆಯದನ್ನು ಅಳಿಸಿ ಹೊಸದನ್ನು ಬರೆಯುವ ಈ ಹೊತ್ತಿನಲ್ಲಿ ಪರದೆ ಕಪ್ಪಾಗಬಹುದು, ದೀಪ ಮಾತ್ರ ಮಿನುಗಬಹುದು, ಪ್ರಗತಿಯ ಗೆರೆ ಕದಲದೆ ನಿಲ್ಲಬಹುದು. ಕ್ಯಾಮೆರಾ ಕೆಟ್ಟಿತೆಂದು ಭಾವಿಸಿ ಬ್ಯಾಟರಿ ತೆಗೆದುಬಿಟ್ಟರೆ, ಆಗ ಅದು ನಿಜವಾಗಿಯೂ ಕೆಡುತ್ತದೆ. ತಯಾರಕರು ತಿಳಿಸಿದ ಅವಧಿ ಮುಗಿದು, ಅದರ ಮೇಲೆ ಸಾಕಷ್ಟು ಸಮಯ ಕಳೆಯುವವರೆಗೆ ಸ್ವಿಚ್ಚನ್ನಾಗಲಿ ಕಾರ್ಡಿನ ಬಾಗಿಲನ್ನಾಗಲಿ ಮುಟ್ಟಬಾರದು. ಮಳೆಗಾಲದಲ್ಲಿ ವಿದ್ಯುತ್ ಕೈಕೊಡುವುದು ಈ ಭಾಗಕ್ಕೆ ಹೊಸದಲ್ಲ. ಯುಪಿಎಸ್ ಇಲ್ಲದ ಕಂಪ್ಯೂಟರಿನ ಮೂಲಕ ನವೀಕರಣಕ್ಕೆ ಕೈಹಾಕುವುದು ತೊಂದರೆಯನ್ನು ಆಹ್ವಾನಿಸಿದಂತೆ.

ಮೂರನೆಯದು, ನವೀಕರಣದ ನಂತರ ಕ್ಯಾಮೆರಾ ಏಳದೇ ಇರುವುದು ಅಥವಾ ಎದ್ದರೂ ತಪ್ಪಾಗಿ ನಡೆಯುವುದು. ಬ್ಯಾಟರಿ, ಕಾರ್ಡ್, ಲೆನ್ಸ್ ಮೂರನ್ನೂ ತೆಗೆದು ಕೆಲಹೊತ್ತು ಬಿಟ್ಟು, ಪೂರ್ಣ ಚಾರ್ಜ್ ಆದ ಕಂಪನಿಯ ಬ್ಯಾಟರಿಯೊಂದಿಗೆ ಮೊದಲು ಕಾರ್ಡ್ ಇಲ್ಲದೆ ಪರೀಕ್ಷಿಸಬೇಕು. ಕೆಲವು ಕ್ಯಾಮೆರಾಗಳಲ್ಲಿ ಮೂಲ ಆರಂಭಿಕ ತಂತ್ರಾಂಶ ಉಳಿದಿದ್ದರೆ, ಸರಿಯಾದ ಫೈಲ್ ಇರುವ ಕಾರ್ಡನ್ನು ಹಾಕಿದಾಗ ನವೀಕರಣ ಮತ್ತೆ ಆರಂಭವಾಗುವುದುಂಟು. ಕ್ಯಾಮೆರಾ ಸರಿಯಿದ್ದು ಲೆನ್ಸ್ ಮಾತ್ರ ಮುನಿಸಿಕೊಂಡಿದ್ದರೆ, ಅದು ಬೇರೆ ಕಂಪನಿಯ ಲೆನ್ಸೇ ಎಂದು ನೋಡಬೇಕು. ಅಂತಹ ಲೆನ್ಸುಗಳಿಗೆ ಅವುಗಳದೇ ಪ್ರತ್ಯೇಕ ಫರ್ಮ್‌ವೇರ್ ಇರುತ್ತದೆ. ಸಿಗ್ಮಾ ಮತ್ತು ಟ್ಯಾಮ್ರಾನ್ ಕಂಪನಿಗಳು ಇದಕ್ಕಾಗಿಯೇ ಯುಎಸ್‌ಬಿ ಉಪಕರಣಗಳನ್ನು ತಂದಿವೆ. ಇಷ್ಟೆಲ್ಲ ಆದ ಮೇಲೂ ಜೀವ ಬರದಿದ್ದರೆ ಮಾತ್ರ ಅಧಿಕೃತ ಸರ್ವಿಸ್ ಸೆಂಟರಿನ ದಾರಿ. ಅಪರಿಚಿತ ತಾಣಗಳಿಂದ ಇಳಿಸಿಕೊಂಡ ಫೈಲನ್ನು ಪ್ರಯೋಗಿಸುವುದು ಇದ್ದ ಆಸೆಯನ್ನೂ ಕಳೆದಂತೆ.

ತಪ್ಪು ಯಾವಾಗಲೂ ಗ್ರಾಹಕನದಲ್ಲ

ಕೆಟ್ಟ ಕ್ಯಾಮೆರಾ ಬಂದೊಡನೆ "ನೀವೇನೋ ಮಾಡಿರಬೇಕು" ಎನ್ನುವುದು ವಾಡಿಕೆ. ಆದರೆ ತಯಾರಕರೇ ಎಡವಿದ ಉದಾಹರಣೆಗಳು ಕಣ್ಮುಂದಿವೆ. 2025ರ ಜುಲೈಯಲ್ಲಿ ಕ್ಯಾನನ್ ಕಂಪನಿಯು ಇಒಎಸ್ ಆರ್1 ಮತ್ತು ಆರ್5 ಮಾರ್ಕ್ 2 ಎಂಬ ದುಬಾರಿ ಮಾದರಿಗಳಿಗೆ ನೀಡಿದ ಹೊಸ ಆವೃತ್ತಿಯನ್ನು ದೋಷ ಕಂಡುಬಂದ ಕಾರಣ ಹಿಂತೆಗೆದುಕೊಂಡಿತು. ಕ್ಯಾಮೆರಾ ಲೋಕದ ಹೊರಗಂತೂ, 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ಒಂದು ದೋಷಪೂರಿತ ನವೀಕರಣದಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ಕುಸಿದು, ವಿಮಾನ ನಿಲ್ದಾಣಗಳಿಂದ ಆಸ್ಪತ್ರೆಗಳವರೆಗೆ ಕೆಲಸ ನಿಂತುಹೋಯಿತು. ಅಂತಹ ಸಂಸ್ಥೆಗಳೇ ತಪ್ಪುವಾಗ ಹಳಿಯಾಳದ ಸ್ಟುಡಿಯೋ ಮಾಲೀಕನನ್ನು ಮಾತ್ರ ದೂರುವುದು ನ್ಯಾಯವಲ್ಲ.

ನವೀಕರಣವು ವ್ಯಾಪಾರದ ಲೆಕ್ಕವನ್ನೇ ಬದಲಿಸುವುದೂ ಉಂಟು. 2009ರ ಜೂನ್‌ನಲ್ಲಿ ಪ್ಯಾನಸಾನಿಕ್ ಕಂಪನಿಯು ಸುರಕ್ಷತೆಯ ಕಾರಣ ನೀಡಿ, ಲುಮಿಕ್ಸ್‌ನ ಕೆಲವು ಮಾದರಿಗಳಲ್ಲಿ ಬೇರೆಯವರ ಬ್ಯಾಟರಿಗಳು ನಡೆಯದಂತೆ ಮಾಡುವ ಫರ್ಮ್‌ವೇರನ್ನು ಹೊರತಂದಿತು. ಅಂತಹ ಬ್ಯಾಟರಿಗಳನ್ನು ದಾಸ್ತಾನು ಮಾಡಿಟ್ಟುಕೊಂಡ ವರ್ತಕನ ಪಾಲಿಗೆ ಅದು ಒಂದು ರಾತ್ರಿಯಲ್ಲಿ ಬಂದ ನಷ್ಟ. ಹೊಸ ಆವೃತ್ತಿಯೊಂದಿಗೆ ಬರುವ ಬದಲಾವಣೆಗಳ ಪಟ್ಟಿಯನ್ನು ಓದುವ ಅಭ್ಯಾಸ ಗ್ರಾಹಕನಿಗಿಂತಲೂ ವರ್ತಕನಿಗೇ ಹೆಚ್ಚು ಅಗತ್ಯ.

ತಯಾರಕರು ಕ್ಷೇತ್ರವನ್ನೇ ತೊರೆಯುವುದೂ ಇದೆ. ಕ್ಯಾಸಿಯೋ 2018ರಲ್ಲಿ ಸಣ್ಣ ಡಿಜಿಟಲ್ ಕ್ಯಾಮೆರಾಗಳಿಂದ ಹಿಂದೆ ಸರಿಯಿತು. ಒಲಿಂಪಸ್‌ನ ಕ್ಯಾಮೆರಾ ವ್ಯವಹಾರ 2021ರ ಜನವರಿ 1ರಿಂದ ಬೇರೊಂದು ಸಂಸ್ಥೆಗೆ ಸೇರಿತು. ಇಂತಹ ಸಂದರ್ಭಗಳಲ್ಲಿ, ಕಂಪನಿಯ ತಾಣದಿಂದ ಮೊದಲೇ ಇಳಿಸಿ ಅಂಗಡಿಯಲ್ಲಿ ಜೋಪಾನವಾಗಿಟ್ಟ ಫೈಲು ಬೆಲೆಬಾಳುವ ದಾಸ್ತಾನೇ ಆಗುತ್ತದೆ.

ವರ್ತಕರ ಆಕ್ಷೇಪಣೆ

ಇದಕ್ಕೆ ವರ್ತಕರಲ್ಲಿ ಸಹಜವಾದ ಪ್ರತಿವಾದವಿದೆ. ಆನ್‌ಲೈನ್ ಮಾರಾಟದಿಂದ ಲಾಭಾಂಶ ತೆಳುವಾಗಿದೆ. ಎಲ್ಲಿಯೋ ಕೊಂಡ ಕ್ಯಾಮೆರಾಕ್ಕೂ ಪುಕ್ಕಟೆ ಸೇವೆ ನೀಡಬೇಕೇ? ನವೀಕರಿಸುವಾಗ ಕೆಟ್ಟರೆ ದಂಡ ಕಟ್ಟುವವರು ಯಾರು? ಈ ಪ್ರಶ್ನೆಗಳನ್ನು ತಳ್ಳಿಹಾಕುವಂತಿಲ್ಲ.

ಪುಕ್ಕಟೆ ಮಾಡಬೇಕೆಂದು ಯಾರೂ ಹೇಳುತ್ತಿಲ್ಲ. ಶುಲ್ಕವನ್ನು ಮೊದಲೇ ತಿಳಿಸಿ, ರಸೀದಿ ಕೊಟ್ಟು ಮಾಡಬೇಕು. ಆನ್‌ಲೈನ್ ಮಾರಾಟಗಾರ ಪೆಟ್ಟಿಗೆಯನ್ನು ಮನೆ ಬಾಗಿಲಿಗೆ ತಂದುಕೊಡಬಲ್ಲನೇ ಹೊರತು, ನಿಂತುಹೋದ ಕ್ಯಾಮೆರಾದ ಮುಂದೆ ಗ್ರಾಹಕನ ಪಕ್ಕದಲ್ಲಿ ಕುಳಿತುಕೊಳ್ಳಲಾರ. ದಾಂಡೇಲಿಯಿಂದ ಹುಬ್ಬಳ್ಳಿಗೆ ಸುಮಾರು 75 ಕಿ.ಮೀ.; ಅಲ್ಲಿಂದ ಬೆಂಗಳೂರಿಗೆ ಕಳುಹಿಸಬೇಕಾದರೆ ದಿನಗಳು ವಾರಗಳಾಗುತ್ತವೆ. ಫೈಲಿನ ಹೆಸರಿನ ಒಂದು ಅಂಕೆಯನ್ನು ಅಳಿಸಿ ಆ ಪ್ರಯಾಣವನ್ನು ತಪ್ಪಿಸಿದ ವರ್ತಕನನ್ನು ಗ್ರಾಹಕ ಮರೆಯುವುದಿಲ್ಲ. ಊರಿನ ಅಂಗಡಿಗೆ ಉಳಿದಿರುವ ನಿಜವಾದ ಬಂಡವಾಳ ಈ ನಂಬಿಕೆಯೇ.

ದಂಡದ ಭಯಕ್ಕೆ ಉತ್ತರ ದಾಖಲೆಯಲ್ಲಿದೆ. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು, ವಾಣಿಜ್ಯ ಉದ್ದೇಶಕ್ಕೆ ಕೊಂಡವರನ್ನು ಗ್ರಾಹಕರ ಸಾಲಿನಿಂದ ಹೊರಗಿಟ್ಟರೂ, ಸ್ವಯಂ ಉದ್ಯೋಗದಿಂದ ಜೀವನೋಪಾಯ ನಡೆಸಲೆಂದೇ ಕೊಂಡವರಿಗೆ ಗ್ರಾಹಕನ ಹಕ್ಕನ್ನು ಉಳಿಸಿದೆ. ಸ್ಟುಡಿಯೋ ನಡೆಸಿ ಬದುಕುವ ಛಾಯಾಗ್ರಾಹಕ ಗ್ರಾಹಕನಲ್ಲವೆಂದು ಕೈತೊಳೆದುಕೊಳ್ಳಲು ಇದರಿಂದ ಅವಕಾಶವಿಲ್ಲ. ಶುಲ್ಕ ಪಡೆದು ಮಾಡಿದ ಕೆಲಸದಲ್ಲಿ ಅಜಾಗರೂಕತೆಯಿದ್ದರೆ ಅದು ಸೇವಾ ನ್ಯೂನತೆಯೂ ಆಗುತ್ತದೆ. ಜಾಗರೂಕತೆಯಿಂದ ಮಾಡಿದ್ದಕ್ಕೆ ಬರಹದ ಸಾಕ್ಷ್ಯವಿದ್ದಾಗ ವರ್ತಕನೂ ಸುರಕ್ಷಿತ, ಗ್ರಾಹಕನೂ ಸುರಕ್ಷಿತ.

ಮಾಡಬಹುದಾದದ್ದು

ಪ್ರತಿ ಅಂಗಡಿಯಲ್ಲಿ ಒಂದು ನವೀಕರಣ ಚೀಟಿ ಇರಲಿ. ಕ್ಯಾಮೆರಾದ ಮಾದರಿ, ಸರಣಿ ಸಂಖ್ಯೆ, ಹಿಂದಿನ ಆವೃತ್ತಿ, ಹಾಕಲಿರುವ ಆವೃತ್ತಿ, ಬ್ಯಾಟರಿಯ ಸ್ಥಿತಿ, ಫೈಲ್ ತೆಗೆದುಕೊಂಡ ತಾಣ ಇಷ್ಟನ್ನು ಬರೆದು ಇಬ್ಬರೂ ಸಹಿ ಹಾಕಲಿ. ಚಿತ್ರಗಳನ್ನೂ ಸೆಟ್ಟಿಂಗುಗಳನ್ನೂ ಮೊದಲೇ ಬೇರೆಡೆ ಉಳಿಸಿಕೊಳ್ಳುವಂತೆ ಗ್ರಾಹಕನಿಗೆ ತಿಳಿಸಲಿ. ಹೊಸ ಆವೃತ್ತಿ ಬಂದ ದಿನವೇ ಹಾಕುವ ಆತುರ ಬೇಡ. ತುರ್ತು ಸುರಕ್ಷತೆಯ ಕಾರಣವಿಲ್ಲದಿದ್ದರೆ ಕೆಲವು ವಾರ ಕಾದು ನೋಡುವುದು ಲೇಸು. ಮದುವೆಯ ಹಿಂದಿನ ದಿನ ನವೀಕರಣಕ್ಕೆ ಬಂದವನನ್ನು ವಿನಯದಿಂದ ಹಿಂದಕ್ಕೆ ಕಳುಹಿಸುವುದೂ ಸೇವೆಯೇ.

ವಾಣಿಜ್ಯ ಸಂಘಗಳು ವಿತರಕರೊಂದಿಗೆ ಮಾತನಾಡಿ, ಸಣ್ಣ ಊರುಗಳ ವರ್ತಕರಿಗೆ ವರ್ಷಕ್ಕೊಮ್ಮೆಯಾದರೂ ತರಬೇತಿ ದೊರೆಯುವಂತೆ ಮಾಡಬೇಕು. ಅಧಿಕೃತ ವಿಧಾನದಂತೆಯೇ ನವೀಕರಿಸಿ ಕೆಟ್ಟ ಕ್ಯಾಮೆರಾವನ್ನು, ವಾರಂಟಿ ಮುಗಿದಿದ್ದರೂ, ಶುಲ್ಕವಿಲ್ಲದೆ ಸರಿಪಡಿಸಿಕೊಡಬೇಕೆಂದು ತಯಾರಕರನ್ನು ಒತ್ತಾಯಿಸಬೇಕು. ತಾವೇ ಕೊಟ್ಟ ಫೈಲು, ತಾವೇ ಹೇಳಿದ ಕ್ರಮ, ಆದರೆ ನಷ್ಟ ಮಾತ್ರ ಕೊಂಡವನದು ಎಂಬ ನೀತಿಗೆ ಸಮರ್ಥನೆಯಿಲ್ಲ. ಕೇಂದ್ರ ಸರ್ಕಾರವು 2022ರ ಜುಲೈಯಲ್ಲಿ ದುರಸ್ತಿಯ ಹಕ್ಕಿನ ಕುರಿತು ಸಮಿತಿಯನ್ನು ರಚಿಸಿ, ಅದೇ ವರ್ಷದ ಡಿಸೆಂಬರ್ 24ರಂದು ಅದಕ್ಕಾಗಿ ಅಂತರಜಾಲ ತಾಣವನ್ನು ಆರಂಭಿಸಿದೆ. ಆ ಹಕ್ಕಿಗೆ ಬಲ ಬರಬೇಕಾದರೆ ಬೇಡಿಕೆ ಸಣ್ಣ ಪೇಟೆಗಳಿಂದಲೂ ಏಳಬೇಕು.

ಸಣ್ಣ ಕೈಗಾರಿಕೋದ್ಯಮಿಗಳಿಗೂ ಈ ಮಾತು ಅನ್ವಯಿಸುತ್ತದೆ. ಸಿಎನ್‌ಸಿ ಯಂತ್ರದ ನಿಯಂತ್ರಕ, ಸಿಸಿಟಿವಿಯ ರೆಕಾರ್ಡರ್, ಕಂಪ್ಯೂಟರೀಕೃತ ಕಸೂತಿ ಯಂತ್ರ ಇವೆಲ್ಲವೂ ಫರ್ಮ್‌ವೇರಿನಿಂದಲೇ ನಡೆಯುತ್ತವೆ. ಕ್ಯಾಮೆರಾದಲ್ಲಿ ಕಲಿತ ಶಿಸ್ತು ಅಲ್ಲಿಯೂ ಉಪಯೋಗಕ್ಕೆ ಬರುತ್ತದೆ.

ಕಾಳಿಯ ದಂಡೆಯಲ್ಲಿ ಮಂಗಟ್ಟೆ ಹಕ್ಕಿ ಹಾರಿಹೋದರೆ ಮತ್ತೊಂದು ದಿನ ಕಾಯಬಹುದು. ಆದರೆ ಮುಂಡಗೋಡದ ಛಾಯಾಗ್ರಾಹಕನ ಕೈತಪ್ಪಿದ ಮದುವೆಗೆ ಮತ್ತೊಂದು ದಿನವಿಲ್ಲ. ಕ್ಯಾಮೆರಾ ಮಾರಿದವನು ಇದನ್ನು ಮನಗಂಡು ನಡೆದರೆ ಅವನ ಅಂಗಡಿಗೂ ಒಳಿತು, ಕೊಂಡವನ ಬದುಕಿಗೂ ಒಳಿತು.